ಸಿಂಥೆಟಿಕ್ ಹರಳುಗಳ ಸ್ಯಾಂಪಲ್ ಪೆಟ್ಟಿಗೆ: ಹರಳು ಚೆನ್ನಾಗಿವೆ, ಲೇಬಲ್ ಮಾತ್ರ ನಂಬಬೇಡಿ

ಹರಳುಗಳ ಬಗ್ಗೆ ಕಲಿಯಬೇಕು ಅನ್ನುವವರು ಈ ಪೆಟ್ಟಿಗೆಯನ್ನು ಧಾರಾಳವಾಗಿ ತೆಗೆದುಕೊಳ್ಳಬಹುದು. ಇದನ್ನು ಕೈಯಲ್ಲಿಟ್ಟುಕೊಂಡು ಯಾರದೋ ಉಂಗುರ ನೋಡಿ ಅಸಲಿಯೋ ನಕಲಿಯೋ ಅಂತ ತೀರ್ಪು ಕೊಡಬೇಕು ಅನ್ನುವವರಿಗೆ ಮಾತ್ರ ಇದು ಸಾಲದು. ಎರಡಕ್ಕೂ ಕಾರಣ ಇದೆ. ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಒಳಗೆ ಇರುವುದು ಇಷ್ಟು. ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಕಾರ್ಖಾನೆಯಲ್ಲಿ ಬೆಳೆಸಿದ ಮಾಣಿಕ್ಯ, ನೀಲ, ಪಚ್ಚೆ, ನೇರಳೆ ಬಣ್ಣದ ಅಮೆಥಿಸ್ಟ್, ತಿಳಿನೀಲಿ ಹರಳೊಂದು, ಬಣ್ಣ ಬದಲಾಯಿಸುವ ಹರಳೊಂದು, ಕ್ಯೂಬಿಕ್ ಜಿರ್ಕೋನಿಯಾ, ಮಾಯ್ಸನೈಟ್, ಮತ್ತೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ಲ್ಯಾಬ್ ವಜ್ರ. ಇವುಗಳ ಜೊತೆ ಇನ್ನೂ ಪಾಲಿಶ್ ಮಾಡದ ಕೆಂಪು ಕಡ್ಡಿಯ ಅರ್ಧ ಭಾಗ. ಸಲಕರಣೆ ಅಂತ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್, ಒಂದು ಚಿಮಟ, ಒಂದು ಯುವಿ ಟಾರ್ಚ್. ಕೊನೆಗೆ ತೆಳುವಾದ ಕೈಪಿಡಿ.

ಪೆಟ್ಟಿಗೆಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಆ ಅರ್ಧ ಕೆಂಪು ಕಡ್ಡಿ. ನೋಡೋಕೆ ಅಷ್ಟೇನೂ ಚೆಂದ ಇಲ್ಲ. ಹೊರಮೈ ಒರಟು, ತಲೆ ಗುಂಡಗೆ, ಬುಡ ಸಣ್ಣ, ಒಂದು ಬದಿ ಉದ್ದಕ್ಕೂ ಸೀಳಿದ ಹಾಗಿದೆ. ಇದಕ್ಕೆ ಬೂಲ್ ಅನ್ನುತ್ತಾರೆ. ಸಿಂಥೆಟಿಕ್ ಮಾಣಿಕ್ಯದ ಕಥೆಯೆಲ್ಲ ಇದರೊಳಗೇ ಇದೆ.

ಫ್ರಾನ್ಸಿನ ರಸಾಯನ ವಿಜ್ಞಾನಿ ಆಗಸ್ಟ್ ವೆರ್ನೋಯಿ 1902ರಲ್ಲಿ ಈ ವಿಧಾನವನ್ನು ಹೊರಗೆ ತಂದ. ಅದಕ್ಕೂ ಎಷ್ಟೋ ವರ್ಷ ಮುಂಚೆಯೇ, 1891 ಮತ್ತು 1892ರಲ್ಲಿ, ತನ್ನ ಟಿಪ್ಪಣಿಗಳನ್ನು ಲಕೋಟೆಯಲ್ಲಿ ಸೀಲ್ ಮಾಡಿ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಯಲ್ಲಿ ಇಟ್ಟಿದ್ದ. ವಿಧಾನ ಕೇಳಿದರೆ ಸರಳ, ಮಾಡೋಕೆ ಬಹಳ ತಾಳ್ಮೆ ಬೇಕು. ತುಂಬಾ ಶುದ್ಧವಾದ ಅಲ್ಯೂಮಿನಿಯಂ ಆಕ್ಸೈಡ್ ಪುಡಿ, ಅದಕ್ಕೆ ಚೂರು ಕ್ರೋಮಿಯಂ. ಮೇಲಿನ ಡಬ್ಬಿಯನ್ನು ಒಂದು ಪುಟ್ಟ ಸುತ್ತಿಗೆ ಟಕ್ ಟಕ್ ಅಂತ ತಟ್ಟುತ್ತಿರುತ್ತದೆ, ಒಂದೊಂದು ತಟ್ಟಿಗೂ ಒಂದಿಷ್ಟು ಪುಡಿ ಉದುರುತ್ತದೆ. ಕೆಳಗೆ ಆಮ್ಲಜನಕ ಮತ್ತು ಜಲಜನಕದ ಉರಿ. ಈ ಪುಡಿ ಕರಗೋಕೆ 2000 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಬಿಸಿ ಬೇಕು. ಕರಗಿದ ಹನಿ ಕೆಳಗೆ ತಿರುಗುತ್ತಿರುವ ಕಡ್ಡಿಯ ತುದಿಗೆ ಬಿದ್ದು ಗಟ್ಟಿಯಾಗುತ್ತದೆ, ಅದರ ಮೇಲೆ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು. ಕಡ್ಡಿಯನ್ನು ನಿಧಾನವಾಗಿ ಕೆಳಗೆ ಇಳಿಸುತ್ತಾ ಹೋಗುತ್ತಾರೆ. ಕೆಲವೇ ಗಂಟೆಗಳಲ್ಲಿ ಬೂಲ್ ರೆಡಿ. ಒಳಗೆ ತುಂಬಾ ಒತ್ತಡ ಇರುವುದರಿಂದ ಅದನ್ನು ಉದ್ದಕ್ಕೆ ಸೀಳಿಬಿಡುತ್ತಾರೆ. ನನ್ನ ಪೆಟ್ಟಿಗೆಯಲ್ಲಿರುವುದು ಅರ್ಧ ಭಾಗ ಆಗಿರುವುದಕ್ಕೆ ಕಾರಣ ಅದೇ.

ಈಗ ಆ ಗುಂಡು ತಲೆಯನ್ನು ಸರಿಯಾಗಿ ನೋಡಿ. ಪ್ರತಿ ಪದರವೂ ಗುಮ್ಮಟದ ಆಕಾರದ ಮೇಲೇ ಕೂತು ಗಟ್ಟಿಯಾಗಿದೆ ಅಲ್ವಾ, ಹಾಗಾಗಿ ಹರಳಿನೊಳಗೆ ಉಳಿಯುವ ಗೆರೆಗಳೂ ಬಾಗಿಯೇ ಇರುತ್ತವೆ. ನೆಲದೊಳಗೆ ಬೆಳೆದ ಮಾಣಿಕ್ಯಕ್ಕೆ ಚಪ್ಪಟೆ ಮುಖಗಳಿರುತ್ತವೆ, ಅದು ಆ ಮುಖಗಳ ಮೇಲೆ ಪದರ ಪದರವಾಗಿ ಬೆಳೆಯುತ್ತದೆ, ಅದರ ಗೆರೆಗಳು ನೇರ, ಮೂಲೆಯಲ್ಲಿ ಕೋನ ಮಾಡಿ ತಿರುಗುತ್ತವೆ. ಬಾಗಿದ ಗೆರೆ ಕಂಡರೆ ಮುಗಿಯಿತು, ಅದು ಉರಿಯಲ್ಲಿ ಕರಗಿಸಿ ಮಾಡಿದ ಹರಳು, ಬೇರೆ ಪರೀಕ್ಷೆಯೇ ಬೇಡ. ಯಾಕೆ ಬಾಗಿದ ಗೆರೆ ಅನ್ನುವುದನ್ನು ಪುಸ್ತಕದಲ್ಲಿ ಓದಿ ನೆನಪಿಟ್ಟುಕೊಳ್ಳಬಹುದು, ಆದರೆ ಬೂಲ್ ಕೈಯಲ್ಲಿ ಹಿಡಿದರೆ ಮತ್ತೆ ಮರೆಯೋದೇ ಇಲ್ಲ. ಈ ಒಂದು ತುಂಡಿಗಾಗಿಯೇ ನಾನು ಪೆಟ್ಟಿಗೆಗೆ ಜಾಸ್ತಿ ಅಂಕ ಕೊಡುತ್ತೇನೆ.

ಆದರೆ ಪಾಲಿಶ್ ಆದ ಮಾಣಿಕ್ಯದಲ್ಲಿ ಆ ಗೆರೆ ಸುಮ್ನೆ ನೋಡಿದರೆ ಕಾಣಲ್ಲ. ಮೇಲಿನಿಂದ ನೋಡಿದರೆ ಹೊಳಪೇ ಕಣ್ಣಿಗೆ ಹೊಡೆಯುತ್ತದೆ. ಚಿಮಟದಲ್ಲಿ ಹಿಡಿದು, ಹಿಂದೆ ಬಿಳಿ ಟಿಶ್ಯೂ ಕಾಗದ ಇಟ್ಟು, ಬೆಳಕು ಆ ಕಾಗದದ ಹಿಂದಿನಿಂದ ಬರುವ ಹಾಗೆ ಮಾಡಿ, ಹರಳನ್ನು ನಿಧಾನವಾಗಿ ಓರೆ ಮಾಡುತ್ತಾ ಹೋಗಬೇಕು. ಒಂದು ಕೋನದಲ್ಲಿ ತಟ್ಟನೆ ಕಾಣುತ್ತದೆ, ಗ್ರಾಮಫೋನ್ ತಟ್ಟೆಯ ಮೇಲಿರುವಂಥ ಸಣ್ಣ ಸಣ್ಣ ಬಾಗಿದ ಗೆರೆಗಳು. ಇನ್ನು ಸ್ವಲ್ಪ ತಿರುಗಿಸಿದರೆ ಮಾಯ. ಜೊತೆಗೆ ಅಲ್ಲಲ್ಲಿ ಗಾಳಿ ಗುಳ್ಳೆಗಳು, ಕೆಲವು ದುಂಡಗೆ, ಕೆಲವು ಬಾಲ ಎಳೆದುಕೊಂಡ ಹಾಗೆ. ನೀಲದಲ್ಲಿ ಗೆರೆ ಇನ್ನೂ ಅಗಲ, ಅಂಚು ಮಸುಕು, ಗೆರೆ ಅನ್ನುವುದಕ್ಕಿಂತ ಬಣ್ಣದ ಪಟ್ಟಿ ಅನ್ನಬಹುದು. ಅದನ್ನು ನೋಡೋಕೆ ಬಿಳಿ ಬಟ್ಟಲಿನಲ್ಲಿ ನೀರು ಹಾಕಿ ಹರಳನ್ನು ಮುಳುಗಿಸಿ, ಮೇಲ್ಮೈ ಹೊಳಪು ಕಡಿಮೆಯಾಗಿ ಒಳಗಿನ ಬಣ್ಣ ಎಲ್ಲಿ ಕೂತಿದೆ ಅಂತ ಕಾಣುತ್ತದೆ. ನೀರಿಗಿಂತ ಗ್ಲಿಸರಿನ್ ಇನ್ನೂ ಒಳ್ಳೆಯದು. ಕೈಪಿಡಿಯಲ್ಲಿ ಈ ಉಪಾಯ ಇಲ್ಲ, ಇರಬೇಕಿತ್ತು.

ಇನ್ನೊಂದು ಗುರುತು ನನಗೆ ತುಂಬಾ ಹಿಡಿಸಿತು. ಪೆಟ್ಟಿಗೆಯ ಮಾಣಿಕ್ಯದ ಮುಖಗಳ ಮೇಲೆ ಬೆಳಕು ಪ್ರತಿಫಲಿಸುವ ಹಾಗೆ ಹಿಡಿದರೆ, ಅಂಚಿನ ಹತ್ತಿರ ಸಾಲಾಗಿ ಸಣ್ಣ ಬಿರುಕುಗಳು ಕಾಣುತ್ತವೆ. ಆತುರದಲ್ಲಿ ಪಾಲಿಶ್ ಮಾಡುವಾಗ ಮೇಲ್ಮೈ ಬಿಸಿಯಾಗಿ ಆಗುವ ಗುರುತು ಇದು. ಅಗ್ಗದ ಹರಳಿಗೆ ಯಾರೂ ಸಮಯ ಕೊಡುವುದಿಲ್ಲ, ದುಬಾರಿ ಹರಳಿಗೆ ಕೊಡುತ್ತಾರೆ. ಇದೊಂದೇ ಸಾಕ್ಷಿ ಅಂತ ಹೇಳೋಕಾಗಲ್ಲ, ಆದರೆ ಕಂಡರೆ ಅನುಮಾನ ಶುರು ಮಾಡೋಕೆ ಒಳ್ಳೆಯ ಕಾರಣ.

ಲೂಪ್ ಬಗ್ಗೆ. ಚೆನ್ನಾಗಿದೆ. ಮೂರು ಗಾಜುಗಳನ್ನು ಅಂಟಿಸಿ ಮಾಡಿದ್ದು, ಗ್ರಾಫ್ ಕಾಗದದ ಮೇಲೆ ಇಟ್ಟು ನೋಡಿದರೆ ಅಂಚಿನಲ್ಲೂ ಗೆರೆಗಳು ನೇರವಾಗಿವೆ, ಬಣ್ಣದ ಅಂಚು ಕಾಣುವುದಿಲ್ಲ. ಯಾವ ಲೂಪ್ ಕೊಂಡರೂ ಮೊದಲು ಈ ಪರೀಕ್ಷೆ ಮಾಡಿ. ಕಣ್ಣಿಗೆ ತೀರಾ ಹತ್ತಿರ ಹಿಡಿಯಬೇಕು, ಹರಳು ಲೂಪಿನಿಂದ ಸುಮಾರು ಎರಡೂವರೆ ಸೆಂಟಿಮೀಟರ್ ದೂರ ಇರಬೇಕು, ಎರಡೂ ಕಣ್ಣು ತೆರೆದಿರಬೇಕು. ಒಂದು ಕಣ್ಣು ಮುಚ್ಚಿಕೊಂಡು ನೋಡಿದರೆ ಬೇಗ ದಣಿವಾಗುತ್ತದೆ. ಚಿಮಟ ಮಾತ್ರ ಸುಮಾರು. ತುದಿ ತುಂಬಾ ಚೂಪು, ಹಿಡಿತ ಬಿಗಿ ಮಾಡಿದರೆ ಹರಳು ಚಿಮ್ಮಿ ಎಲ್ಲೋ ಹೋಗುತ್ತದೆ. ಕೆಳಗೆ ಬಟ್ಟೆ ಹಾಸಿಕೊಂಡು ಕೂರಿ.

ಯುವಿ ಟಾರ್ಚ್‌ಗೆ ಫಿಲ್ಟರ್ ಇಲ್ಲ, ಹಾಗಾಗಿ ನೇರಳೆ ಬೆಳಕು ಜಾಸ್ತಿ ಸೋರುತ್ತದೆ, ಮಂದವಾಗಿ ಹೊಳೆಯುವ ಹರಳುಗಳಲ್ಲಿ ಯಾವುದು ಹರಳಿನ ಬೆಳಕು ಯಾವುದು ಟಾರ್ಚಿನದು ಅಂತ ಗೊತ್ತಾಗುವುದಿಲ್ಲ. ಮಾಣಿಕ್ಯಕ್ಕೆ ಆ ತೊಂದರೆ ಇಲ್ಲ. ಕತ್ತಲ ಕೋಣೆಯಲ್ಲಿ ಟಾರ್ಚ್ ಹಾಕಿದ ತಕ್ಷಣ ಕೆಂಡದ ಹಾಗೆ ಕೆಂಪಗೆ ಉರಿಯುತ್ತದೆ, ನೋಡೋಕೆ ನಿಜಕ್ಕೂ ಚೆಂದ. ಕೈಪಿಡಿ ಇಲ್ಲಿ ದುಡುಕಿದೆ, ಜೋರಾಗಿ ಹೊಳೆದರೆ ಸಿಂಥೆಟಿಕ್ ಅಂತ ಬರೆದುಬಿಟ್ಟಿದೆ. ಹಾಗಲ್ಲ. ಹೊಳೆಯುವಂತೆ ಮಾಡುವುದು ಕ್ರೋಮಿಯಂ, ಹೊಳಪನ್ನು ಅಡಗಿಸುವುದು ಕಬ್ಬಿಣ. ಕಾರ್ಖಾನೆಯ ಪುಡಿಯಲ್ಲಿ ಕಬ್ಬಿಣ ಇರುವುದಿಲ್ಲ, ಅದಕ್ಕೇ ಅದು ಜೋರು. ಆದರೆ ಮ್ಯಾನ್ಮಾರ್‌ನ ಅಮೃತಶಿಲೆಯಲ್ಲಿ ಸಿಗುವ ಸಹಜ ಮಾಣಿಕ್ಯದಲ್ಲೂ ಕಬ್ಬಿಣ ತೀರಾ ಕಡಿಮೆ, ಅದೂ ಚೆನ್ನಾಗಿಯೇ ಹೊಳೆಯುತ್ತದೆ. ಈ ಸಾಲು ನಂಬಿ ಯಾರಾದರೂ ಒಳ್ಳೆಯ ಮಾಣಿಕ್ಯವನ್ನು ನಕಲಿ ಅಂತ ಎತ್ತಿಟ್ಟರೆ ಎಂಥ ನಷ್ಟ!

ಕೈಪಿಡಿಯ ಇನ್ನೊಂದು ಸಲಹೆ ನೋಡಿ ಸಿಟ್ಟು ಬಂತು. ಗೀಚಿ ನೋಡಿ ಅಂತ ಹೇಳುತ್ತದೆ. ದಯವಿಟ್ಟು ಗೀಚಬೇಡಿ. ಸಿಂಥೆಟಿಕ್ ಮಾಣಿಕ್ಯದಲ್ಲಿ ಇರುವುದೂ ಅದೇ ಕೊರಂಡಮ್, ಅಂದರೆ ಹರಳಾದ ಅಲ್ಯೂಮಿನಿಯಂ ಆಕ್ಸೈಡ್, ಗಡಸುತನ ಅದೇ 9, ಬೆಳಕು ಬಾಗುವ ಪ್ರಮಾಣ ಅದೇ 1.76ರಿಂದ 1.77, ಸಾಂದ್ರತೆ ಅದೇ 4. ಗೀಚಿದರೆ ಸಹಜ ಯಾವುದು, ಬೆಳೆಸಿದ್ದು ಯಾವುದು ಅಂತ ಗೊತ್ತಾಗಲು ಸಾಧ್ಯವೇ ಇಲ್ಲ. ಹಾಳಾಗೋದು ಮಾತ್ರ ಖಂಡಿತ. ಮಾಣಿಕ್ಯದ ಹುಟ್ಟನ್ನು ಹೇಳುವುದು ಅದರ ಒಳಗಿನ ಗುರುತುಗಳು, ಹೊರಗಿನ ಅಳತೆಗಳು ಹೇಳುವುದಿಲ್ಲ. ಕೈಪಿಡಿ ಬರೆದವರಿಗೆ ಇಷ್ಟು ಗೊತ್ತಿರಬೇಕಿತ್ತು.

ಪಚ್ಚೆ ಬೇರೆ ದಾರಿಯಲ್ಲಿ ತಯಾರಾದದ್ದು. ಪಚ್ಚೆಯನ್ನು ಉರಿಯಲ್ಲಿ ಕರಗಿಸಿ ಮತ್ತೆ ಅದೇ ಹರಳಾಗಿ ಗಟ್ಟಿ ಮಾಡೋಕೆ ಬರುವುದಿಲ್ಲ. ಎರಡು ದಾರಿ ಇವೆ. ಒಂದು, ಬೇರೆ ರಾಸಾಯನಿಕಗಳ ಕರಗಿದ ದ್ರವದಲ್ಲಿ ಪಚ್ಚೆಗೆ ಬೇಕಾದ ವಸ್ತುಗಳನ್ನು ಕರಗಿಸಿ, ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಯಲು ಬಿಡುವುದು. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾರಲ್ ಚಾಥಮ್ 1930ರ ದಶಕದಲ್ಲಿ ಹೀಗೆ ಬೆಳೆಸಿ ಹೆಸರು ಮಾಡಿದ. ಇನ್ನೊಂದು, ದಪ್ಪ ಉಕ್ಕಿನ ಪಾತ್ರೆಯಲ್ಲಿ ನೀರನ್ನು ಭಾರಿ ಒತ್ತಡದಲ್ಲಿ ಕಾಯಿಸಿ, ಒಳಗೆ ಬೀಜದ ಹಾಗೆ ಒಂದು ತೆಳು ಹರಳಿನ ಬಿಲ್ಲೆ ತೂಗುಹಾಕಿ ಅದರ ಮೇಲೆ ಬೆಳೆಸುವುದು. ನನ್ನ ಪೆಟ್ಟಿಗೆಯದು ಎರಡನೆಯ ಬಗೆ. ಲೂಪಿನಲ್ಲಿ ನೋಡಿದರೆ ಬಾಣದ ಮೊನೆಗಳನ್ನು ಸಾಲಾಗಿ ಜೋಡಿಸಿದಂಥ ಅಂಕುಡೊಂಕು ಗುರುತು ಕಾಣುತ್ತದೆ. ಮೊದಲ ಬಗೆಯಲ್ಲಾದರೆ ಹೊಗೆಯ ತೆರೆ ಮಡಚಿಕೊಂಡ ಹಾಗೆ ಕಾಣುವ ಎಳೆಗಳಿರುತ್ತವೆ. ಅದು ಕಷ್ಟದ ವಿಷಯ, ಯಾಕೆಂದರೆ ಸಹಜ ಹರಳುಗಳಲ್ಲೂ ಹೆಚ್ಚುಕಡಿಮೆ ಅಂಥದ್ದೇ ಎಳೆಗಳು ಬರುತ್ತವೆ. ಆ ಬಗೆಯ ಒಂದು ಹರಳನ್ನೂ ಪೆಟ್ಟಿಗೆಗೆ ಹಾಕಿದ್ದರೆ ಕಲಿಯೋರಿಗೆ ತುಂಬಾ ಉಪಕಾರ ಆಗುತ್ತಿತ್ತು.

ಅಮೆಥಿಸ್ಟ್ ಬಗ್ಗೆ ಹೇಳೋದು ಕಡಿಮೆ. ಇದೂ ಒತ್ತಡದ ಪಾತ್ರೆಯಲ್ಲೇ ಬೆಳೆದದ್ದು, ತುಂಬಾ ಸ್ವಚ್ಛವಾಗಿದೆ, ಲೂಪಿನಲ್ಲಿ ಏನೂ ಕಾಣುವುದಿಲ್ಲ. ಇಂಥದ್ದನ್ನು ಪ್ರಯೋಗಾಲಯಕ್ಕೇ ಕಳಿಸಬೇಕು, ಅಲ್ಲೂ ಕೆಲವೊಮ್ಮೆ ಪರದಾಡುತ್ತಾರೆ.

ಈಗ ನನ್ನ ದೊಡ್ಡ ದೂರು: ಲೇಬಲ್‌ಗಳು. ಬಣ್ಣ ಬದಲಾಯಿಸುವ ಹರಳಿನ ಡಬ್ಬಿ ಮೇಲೆ ಅಲೆಕ್ಸಾಂಡ್ರೈಟ್ ಅಂತ ಬರೆದಿದೆ. ಅದು ಅಲೆಕ್ಸಾಂಡ್ರೈಟ್ ಅಲ್ಲವೇ ಅಲ್ಲ. ನಿಜವಾದ ಅಲೆಕ್ಸಾಂಡ್ರೈಟ್ ಕ್ರೈಸೊಬೆರಿಲ್ ಅನ್ನುವ ಖನಿಜದ ಜಾತಿಯದು, ಹಗಲಿನಲ್ಲಿ ಹಸಿರು, ಹಳೆಯ ಕಾಲದ ಬಲ್ಬಿನ ಬೆಳಕಿನಲ್ಲಿ ಕೆಂಪು. ಡಬ್ಬಿಯಲ್ಲಿ ಇರುವುದು ವೆನೇಡಿಯಂ ಹಾಕಿ ಮಾಡಿದ ಕೊರಂಡಮ್. ಹಗಲಿನಲ್ಲಿ ಬೂದು ಮಿಶ್ರಿತ ನೀಲಿ, ಬಲ್ಬಿನ ಕೆಳಗೆ ನೇರಳೆ ಗುಲಾಬಿ. ಹಸಿರು ಎಲ್ಲೂ ಇಲ್ಲ. ಸಿಂಥೆಟಿಕ್ ಅಲೆಕ್ಸಾಂಡ್ರೈಟ್ ಅನ್ನುವ ವಸ್ತುವೂ ಬೇರೆ ಇದೆ, ಅದನ್ನೂ ಬೆಳೆಸುತ್ತಾರೆ, ಅದು ದುಬಾರಿ. ಇದನ್ನು ಆ ಹೆಸರಿನಲ್ಲಿ ಕೊಡುವುದು ಎರಡು ಸಲ ಸುಳ್ಳು ಹೇಳಿದ ಹಾಗೆ.

ತಿಳಿನೀಲಿ ಹರಳಿನ ಕಥೆಯೂ ಅಷ್ಟೇ. ಲೇಬಲ್ ಅಕ್ವಾಮರೀನ್ ಅನ್ನುತ್ತದೆ. ಅಕ್ವಾಮರೀನ್ ಆಗಿದ್ದರೆ ಬೆಳಕನ್ನು ಎರಡಾಗಿ ಒಡೆಯಬೇಕು, ಬೆಳಕು ಬಾಗುವ ಪ್ರಮಾಣ 1.58ರ ಆಸುಪಾಸು ಇರಬೇಕು. ಪರಿಚಯದವರೊಬ್ಬರ ಹತ್ತಿರ ಇರುವ, ಈ ಪ್ರಮಾಣ ಅಳೆಯುವ ರಿಫ್ರಾಕ್ಟೊಮೀಟರ್‌ನಲ್ಲಿ ಇಟ್ಟು ನೋಡಿದೆ, 1.728, ಒಂದೇ ಗೆರೆ, ಅಂದರೆ ಬೆಳಕು ಎರಡಾಗಿ ಒಡೆದಿಲ್ಲ. ಇದು ಸ್ಪಿನೆಲ್ ಅನ್ನುವ ಬೇರೆಯೇ ಹರಳು, ಉರಿಯಲ್ಲಿ ಮಾಡಿದ್ದು ಅನ್ನೋದರಲ್ಲಿ ಅನುಮಾನವೇ ಇಲ್ಲ. ಸಹಜ ಸ್ಪಿನೆಲ್ ಸಾಮಾನ್ಯವಾಗಿ 1.718ರ ಹತ್ತಿರ ಇರುತ್ತದೆ. ಕಾರ್ಖಾನೆಯಲ್ಲಿ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಜಾಸ್ತಿ ಹಾಕುತ್ತಾರೆ, ಅದರಿಂದ ಅಂಕಿ ಮೇಲೆ ಹೋಗುತ್ತದೆ. ಮಾರಿದವರಿಗೆ ಬರೆದು ಕೇಳಿದ್ದಕ್ಕೆ, ಬಣ್ಣದ ಹೆಸರು ಅಂತ ಹಾಕಿದ್ದೇವೆ ಅನ್ನುವ ಉತ್ತರ ಬಂತು. ಕಲಿಯುವವರಿಗೆ ಅಂತ ಮಾರುವ ಪೆಟ್ಟಿಗೆಯಲ್ಲಿ ಇದು ಒಪ್ಪುವ ಮಾತಲ್ಲ. ಸಿಂಥೆಟಿಕ್ ಹರಳು ಕೆಟ್ಟದ್ದು ಅಂತ ನಾನು ಒಂದು ಕ್ಷಣವೂ ಅಂದುಕೊಂಡಿಲ್ಲ, ಅದರ ಹಿಂದೆ ಇರುವ ಬುದ್ಧಿ, ಶ್ರಮ ಎರಡಕ್ಕೂ ನನಗೆ ಗೌರವ ಇದೆ. ಆದರೆ ಇರುವುದನ್ನು ಇದ್ದ ಹಾಗೆ ಹೇಳಿ ಮಾರಬೇಕು. ಮೋಸ ಶುರುವಾಗೋದು ಕುಲುಮೆಯಲ್ಲಲ್ಲ, ಚೀಟಿ ಅಂಟಿಸುವ ಮೇಜಿನ ಮೇಲೆ.

ಮೂರನೆಯ ತಪ್ಪು ಲೇಬಲ್ ಕ್ಯೂಬಿಕ್ ಜಿರ್ಕೋನಿಯಾದ್ದು, ಅಮೆರಿಕನ್ ಡೈಮಂಡ್ ಅಂತ ಎಲ್ಲರಿಗೂ ಗೊತ್ತಿರುವ ಹರಳು. ಅದಕ್ಕೆ ಸಿಂಥೆಟಿಕ್ ವಜ್ರ ಅಂತ ಹಾಕಿದ್ದಾರೆ. ವಜ್ರ ಅಂದರೆ ಇಂಗಾಲ, ಇದು ಜಿರ್ಕೋನಿಯಂ ಆಕ್ಸೈಡ್, ಸಂಬಂಧವೇ ಇಲ್ಲ. ಇದನ್ನು ಮಾಡುವ ರೀತಿ ಮಾತ್ರ ಅದ್ಭುತ. ಕರಗೋಕೆ 2700 ಡಿಗ್ರಿಗಿಂತ ಮೇಲೆ ಬೇಕು, ಆ ಬಿಸಿ ತಡೆಯುವ ಮೂಸೆ ಎಲ್ಲಿಂದ ತರೋದು? ಮಾಸ್ಕೋದ ಲೆಬೆದೆವ್ ಭೌತಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದಲ್ಲಿ ಪುಡಿಯನ್ನೇ ಮೂಸೆ ಮಾಡಿಬಿಟ್ಟರು. ಸುತ್ತ ತಣ್ಣೀರು ಹರಿಯುವ ತಾಮ್ರದ ಕೊಳವೆಗಳು, ನಡುವೆ ಪುಡಿ, ರೇಡಿಯೋ ತರಂಗದಿಂದ ಬಿಸಿ. ನಡುವಿನ ಪುಡಿ ಕರಗುತ್ತದೆ, ಕೊಳವೆಗೆ ತಾಗಿದ ಪುಡಿ ತಣ್ಣಗೆ ಗಟ್ಟಿಯಾಗಿಯೇ ಉಳಿದು ಚಿಪ್ಪಿನ ಹಾಗೆ ಕರಗಿದ್ದನ್ನು ಹಿಡಿದುಕೊಳ್ಳುತ್ತದೆ.

ವಜ್ರದಿಂದ ಇದನ್ನು ಬೇರೆ ಮಾಡೋದು ಸುಲಭ, ಬಿಡಿ ಹರಳಾಗಿದ್ದರೆ ತೂಕ ಸಾಕು. ಆರೂವರೆ ಮಿಲಿಮೀಟರ್ ಅಗಲದ ದುಂಡು ವಜ್ರ ಸುಮಾರು ಒಂದು ಕ್ಯಾರಟ್ ತೂಗಿದರೆ, ಅದೇ ಅಳತೆಯ ಜಿರ್ಕೋನಿಯಾ ಸುಮಾರು 1.7 ಕ್ಯಾರಟ್ ತೂಗುತ್ತದೆ. ಮಾಯ್ಸನೈಟ್ ವಜ್ರಕ್ಕಿಂತ ಸ್ವಲ್ಪ ಹಗುರ. ಇದು ಸಿಲಿಕಾನ್ ಕಾರ್ಬೈಡ್. ಹೆಸರು ಬಂದದ್ದು ಆನ್ರಿ ಮೊಯ್ಸಾನ್ ಅನ್ನುವ ಫ್ರೆಂಚ್ ವಿಜ್ಞಾನಿಯಿಂದ, 1893ರಲ್ಲಿ ಅರಿಜೋನಾದ ಉಲ್ಕೆಯ ತುಣುಕಿನಲ್ಲಿ ಅವನು ಈ ಖನಿಜವನ್ನು ಕಂಡಿದ್ದ. ಶಾಖ ಅಳೆಯುವ ಡೈಮಂಡ್ ಟೆಸ್ಟರ್ ಪೆನ್ನು ಇದನ್ನೂ ವಜ್ರ ಅಂತಲೇ ಹೇಳುತ್ತದೆ, ಯಾಕೆಂದರೆ ಇದರಲ್ಲೂ ಶಾಖ ಬೇಗ ಹರಿಯುತ್ತದೆ. ಲೂಪ್ ಅಷ್ಟು ಸುಲಭವಾಗಿ ಮೋಸ ಹೋಗುವುದಿಲ್ಲ. ಹರಳನ್ನು ಸ್ವಲ್ಪ ಓರೆ ಹಿಡಿದು ಪಕ್ಕದ ಮುಖದ ಮೂಲಕ ಹಿಂಭಾಗದ ಅಂಚುಗಳನ್ನು ನೋಡಿ, ಪ್ರತಿ ಅಂಚೂ ಎರಡೆರಡಾಗಿ ಕಾಣುತ್ತದೆ. ವಜ್ರದಲ್ಲಿ ಹೀಗೆ ಆಗೋದಿಲ್ಲ. ನೇರ ಮೇಲಿನಿಂದ ನೋಡಿದರೆ ಮಾತ್ರ ಈ ಜೋಡಿ ಗೆರೆ ಕಾಣಲ್ಲ, ಓರೆ ಮಾಡಲೇಬೇಕು.

ಕೊನೆಗೆ ಲ್ಯಾಬ್ ವಜ್ರ. ಇಲ್ಲಿ ಪೆಟ್ಟಿಗೆಯ ಎಲ್ಲ ಸಲಕರಣೆಗಳೂ ಸೋತವು, ಅದರಲ್ಲಿ ಅವುಗಳ ತಪ್ಪಿಲ್ಲ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿ 1954ರ ಡಿಸೆಂಬರ್‌ನಲ್ಲಿ ಟ್ರೇಸಿ ಹಾಲ್ ಭಾರಿ ಒತ್ತಡ, ಭಾರಿ ಶಾಖ ಕೊಟ್ಟು ವಜ್ರ ಮಾಡಿದರು, ಆಗ ಸಿಕ್ಕಿದ್ದು ಪುಡಿಯಂಥ ಕಣಗಳು. ಈಗ ಮೀಥೇನ್ ಮತ್ತು ಜಲಜನಕ ಅನಿಲವನ್ನು ಪ್ಲಾಸ್ಮಾ ಮಾಡಿ, ತೆಳು ವಜ್ರದ ಬಿಲ್ಲೆಯ ಮೇಲೆ ಇಂಗಾಲವನ್ನು ಪದರ ಪದರವಾಗಿ ಕೂರಿಸುವ ವಿಧಾನವೂ ಬಳಕೆಯಲ್ಲಿದೆ. ಎರಡೂ ಪೂರ್ತಿ ವಜ್ರವೇ. ಪೆನ್ನು ಹೌದು ಅನ್ನುತ್ತದೆ, ಸರಿಯಾಗಿಯೇ ಹೇಳುತ್ತದೆ. ಪ್ರಯೋಗಾಲಯದವರು ಮೊದಲು ನೋಡುವುದು ಸಾರಜನಕವನ್ನು. ನೆಲದಿಂದ ಬಂದ ವಜ್ರಗಳಲ್ಲಿ ಬಹುಪಾಲಿಗೆ ಗುಂಪು ಕಟ್ಟಿಕೊಂಡ ಸಾರಜನಕ ಇರುತ್ತದೆ, ಅದು ಕಡಿಮೆ ತರಂಗಾಂತರದ ಯುವಿ ಬೆಳಕನ್ನು ತಡೆಯುತ್ತದೆ. ಬಣ್ಣವಿಲ್ಲದ ಲ್ಯಾಬ್ ವಜ್ರದಲ್ಲಿ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಬೆಳಕು ದಾಟಿ ಹೋಗುತ್ತದೆ. ದಾಟಿಸಿದ ಮಾತ್ರಕ್ಕೆ ಲ್ಯಾಬಿನದು ಅಂತ ಅಲ್ಲ, ಸಹಜ ವಜ್ರಗಳಲ್ಲೂ ನೂರಕ್ಕೆ ಒಂದೆರಡು ಹಾಗಿರುತ್ತವೆ. ಅಂಥವನ್ನು ಪಕ್ಕಕ್ಕಿಟ್ಟು ಮುಂದಿನ ಪರೀಕ್ಷೆ ಮಾಡುತ್ತಾರೆ. ಆ ಯಂತ್ರಗಳು ಮನೆಯಲ್ಲಿ ಇಟ್ಟುಕೊಳ್ಳುವಂಥವಲ್ಲ. ಲೂಪಿನಲ್ಲಿ ನೋಡಬಹುದಾದದ್ದು ಒಂದೇ, ಹರಳಿನ ಸೊಂಟದ ಮೇಲೆ, ಅಂದರೆ ಸುತ್ತಲಿನ ಅತಿ ಅಗಲದ ಅಂಚಿನ ಮೇಲೆ, ಲೇಸರ್‌ನಿಂದ ಬರೆದ ಅಕ್ಷರ ಇದೆಯಾ ಅಂತ. ನನ್ನದರಲ್ಲಿ ಇಲ್ಲ.

ಇವೆಲ್ಲ ಆಭರಣಕ್ಕೆ ಮಾತ್ರ ಅಂದುಕೊಳ್ಳಬೇಡಿ. 1960ರಲ್ಲಿ ಥಿಯೋಡರ್ ಮೈಮನ್ ಮಾಡಿದ ಮೊಟ್ಟಮೊದಲ ಲೇಸರ್‌ನ ಹೃದಯ ಸಿಂಥೆಟಿಕ್ ಮಾಣಿಕ್ಯದ ಕಡ್ಡಿ. ಕ್ವಾರ್ಟ್ಜ್ ವಾಚುಗಳಲ್ಲಿ ಸೆಕೆಂಡಿಗೆ 32,768 ಸಲ ಮಿಡಿಯುವುದು ಬೆಳೆಸಿದ ಕ್ವಾರ್ಟ್ಜ್. ಗೀರು ಬೀಳದ ವಾಚಿನ ಗಾಜು, ಬಣ್ಣವಿಲ್ಲದ ಸಿಂಥೆಟಿಕ್ ನೀಲ. ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಪುಟ ಇದೆ, ಅದು ಮಾತ್ರ ಚೆನ್ನಾಗಿ ಬಂದಿದೆ.

ಕೊಳ್ಳುವುದಾದರೆ ಜೊತೆಗೆ ಒಂದು ಬಾಟಲಿ ಗ್ಲಿಸರಿನ್, ಹರಳು ಬೆಳಕನ್ನು ಎರಡಾಗಿ ಒಡೆಯುತ್ತದೆಯೇ ಅಂತ ನೋಡೋಕೆ ಎರಡು ಪೋಲರಾಯ್ಡ್ ಹಾಳೆ, ಕ್ಯಾರಟ್ ತೂಕದ ಸಣ್ಣ ತಕ್ಕಡಿ ತೆಗೆದುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ನಂಬಿಕಸ್ಥರಿಂದ ಕಡಿಮೆ ದರ್ಜೆಯ ಸಹಜ ಮಾಣಿಕ್ಯ ಮತ್ತು ನೀಲದ ಒಂದೊಂದು ತುಂಡು. ಸಹಜವಾದದ್ದರ ಒಳಗೆ ಸೂಜಿಯಂಥ ಎಳೆಗಳು, ನೇರ ಗೆರೆಗಳು ಹೇಗಿರುತ್ತವೆ ಅಂತ ಕಣ್ಣಾರೆ ನೋಡದೆ ಬಾಗಿದ ಗೆರೆಯ ಬೆಲೆ ಪೂರ್ತಿ ತಿಳಿಯೋದಿಲ್ಲ. ಪೆಟ್ಟಿಗೆ ಮಾಡುವವರು ಇವನ್ನು ಸೇರಿಸಿ, ಆ ಮೂರು ಲೇಬಲ್ ಸರಿ ಮಾಡಿ, ಕೈಪಿಡಿಯಿಂದ ಗೀಚುವ ಸಲಹೆ ತೆಗೆದರೆ ನಾನು ಐದಕ್ಕೆ ಐದು ಕೊಡುತ್ತೇನೆ. ಈಗ ಮೂರೂವರೆ.

ಮತ್ತೆ, ಬಂದ ತಕ್ಷಣ ಡಬ್ಬಿಗಳನ್ನು ಪರೀಕ್ಷಿಸಿ. ನನಗೆ ಬಂದದ್ದರಲ್ಲಿ ಮಾಯ್ಸನೈಟ್ ಮತ್ತು ಜಿರ್ಕೋನಿಯಾ ಒಂದೇ ಡಬ್ಬಿಯಲ್ಲಿದ್ದವು. ಮಾಯ್ಸನೈಟ್ ಗಡಸುತನ 9.25, ಜಿರ್ಕೋನಿಯಾ 8ರಿಂದ 8.5, ಹಾಗಾಗಿ ಜಿರ್ಕೋನಿಯಾದ ಅಂಚುಗಳ ಮೇಲೆ ಆಗಲೇ ಗೀರು ಬಿದ್ದಿತ್ತು. ಬದಲಿಸಿ ಕೊಡಿ ಅಂತ ಕೇಳಿದೆ, ಕಳಿಸಿದರು, ಈ ಸಲ ಎರಡನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿದ್ದರು.